ಡ್ಯಾಶ್‌ಬೋರ್ಡಿನ ಡಬ್ಬಿ ಪಿಸ್ತೂಲಿನ ಮನಿ ಅಲ್ಲ

ಶೇಂಗಾ ಹೋಳಿಗಿ ಬರೀತೀನಿ ಅಂತ ಹೇಳಿದ್ದೆ, ಅದು ಮುಂದ ನೋಡೂಣು. ಇವತ್ತ ಜಗಳಾ ತಗೀಬೇಕಾಗೇತಿ. ಜಗಳ ಗಂಡಸರ ಜೋಡಿ, ಆದ್ರ ಹೇಳೂದು ನಿಮಗ, ಅಕ್ಕಾರ, ವೈನ್ಯಾರ, ನೆಗೆಣ್ಣೇರ. ಯಾಕಂದ್ರ ಆ ಗಾಡ್ಯಾಗ ಕೂಡೂವರು ನೀವು, ನಿಮ್ಮ ತೊಡಿ ಮ್ಯಾಲ ಕೂಡೂದು ಮೊಮ್ಮಕ್ಕಳು.

ಸಂಗತಿ ಇಷ್ಟ. ನಮ್ಮ ಕಡೆ ನಾಕು ದುಡ್ಡು ಕಂಡ ಮನಿಗಳಾಗ, ತಿಕೋಟಾದ ದ್ರಾಕ್ಷಿ ತ್ವಾಟದವರಿರಲಿ, ಬಬಲೇಶ್ವರ ಕಡೆ ಕಬ್ಬಿನವರಿರಲಿ, ವಿಜಯಪುರದಾಗ ಪ್ಲಾಟು ಕೊಟ್ಟು ತಗೊಳ್ಳೂವರಿರಲಿ, ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬ್ಯಾಗ ಇಲ್ಲಾ ಡ್ರೈವರ್ ಸೀಟಿನ ಕೆಳಗ ಪಿಸ್ತೂಲು ಇಟಗೊಂಡು ತಿರಗೂದು ಕೆಲವರಿಗೆ ಚಟಾ ಆಗೇತಿ. ಎಲ್ಲಾರೂ ಅಂತ ನಾ ಅನ್ನೂದಿಲ್ಲ. ಲೈಸೆನ್ಸ್ ಇದ್ದವರೂ ಅದಾರ, ಇಲ್ಲದವರೂ ಅದಾರ. ಯಾಕ್ರಿ ಅಂತ ಕೇಳಿದ್ರ ಎಲ್ಲಾರದೂ ಒಂದ ಮಾತು: "ಟೈಮಿಗೆ ಕೈಗೆ ಸಿಗೂಹಂಗ ಇರಬೇಕು."

ನನ್ನ ತಕರಾರು ಆ ಮಾತಿನ ಮ್ಯಾಲನ. ಗಾಡ್ಯಾಗ ಒಬ್ಬರ ಕೈಗೆ ಸಿಗೂಹಂಗ ಇಟ್ಟದ್ದು ಎಲ್ಲಾರ ಕೈಗೂ ಸಿಗತೈತಿ. ಚಾಕಲೇಟ್ ಹುಡುಕೂ ಕೂಸಿನ ಕೈಗೆ ಸಿಗತೈತಿ. ಗಾಡಿ ತೊಳ್ಯಾಕ ಕೊಟ್ಟ ಹುಡುಗನ ಕೈಗೆ, ಸರ್ವಿಸಿಂಗಿಗೆ ಬಿಟ್ಟಾಗ ಗ್ಯಾರೇಜಿನವನ ಕೈಗೆ, ಲಗ್ನದ ಮಂಟಪದ ಮುಂದ ಕಾಚು ಒಡ್ಯಾಂವನ ಕೈಗೆ. ಡಬ್ಬಿಗೆ ಕೀಲಿ ಐತಿ ಅಂತೀರಿ? ಗಾಡಿ ಚಾಲೂ ಮಾಡೂ ಕೀಲಿಕೈನ ಡಬ್ಬಿಗೂ, ಅದು ದಿನಾ ಹತ್ತ ಮಂದಿ ಕೈ ತಿರಗತೈತಿ.

ನಮ್ಮ ತವರಮನ್ಯಾಗ ಒಂಟಿ ನಳಿಗಿ ಬಂದೂಕು ಇತ್ತು, ಹೊಲಕ್ಕ ಹಂದಿ ಬರ್ತಾವಂತ ಅಪ್ಪ ಲೈಸೆನ್ಸ್ ಮಾಡಿಸಿದ್ದ. ಅದಕ್ಕ ನಾ ಬಂದೂಕು ಕಂಡು ಹೌಹಾರೂವಾಕಿ ಅಲ್ಲ. ಬಂದೂಕು ಒಳಖೋಲ್ಯಾಗ ಖಾಲಿ, ಕಾಡತೂಸು ಬ್ಯಾರೆ ಟ್ರಂಕಿನ್ಯಾಗ, ಟ್ರಂಕಿನ ಕೀಲಿಕೈ ಅಪ್ಪನ ಉಡದಾರದಾಗ. ಚುನಾವಣಿ ಬಂತಂದ್ರ ಗೋಣಿಚೀಲದಾಗ ಸುತಿಗೊಂಡು ಸ್ಟೇಶನ್ನಿಗೆ ಹೋಗಿ ಜಮಾ ಮಾಡಿ ಪಾವತಿ ತರತಿದ್ದ, ಚುನಾವಣಿ ಮುಗಿದ ಮ್ಯಾಲ ಹೋಗಿ ಬಿಡಿಸಿಕೊಂಡು ಬರತಿದ್ದ. ಅವ್ವ ಒಂದಿನಾನೂ ಅದನ್ನ ಮುಟ್ಟಲಿಲ್ಲ, ಅಪ್ಪ ಮುಟ್ಟಗೊಡಲಿಲ್ಲ. ಕಾಯ್ದೆ ಓದಿದಾಂವಲ್ಲ ಅಪ್ಪ, ನಾಕನೇತ್ತೆ. ಈಗಿನವರು ಇಂಜಿನಿಯರಿಂಗ್ ಮುಗಿಸ್ಯಾರ, ಪಿಸ್ತೂಲು ಮಾತ್ರ ಟಿಶ್ಯೂ ಪೇಪರಿನ ಬಾಜೂಕ.

ಅಂಜಿಕಿ ಖರೇ ಅಲ್ಲ ಅಂತ ನಾ ಅನ್ನಾಂಗಿಲ್ಲ. 2025ರ ಸೆಪ್ಟೆಂಬರ್ 16ಕ್ಕ ಚಡಚಣದ ಎಸ್‌ಬಿಐ ಬ್ಯಾಂಕಿನ್ಯಾಗ ಆದದ್ದು ನೆನಪೈತಿ ಎಲ್ಲಾರಿಗೂ. ಮಾರಿ ಮುಚಿಗೊಂಡು ಪಿಸ್ತೂಲು ಹಿಡಕೊಂಡು ಬಂದವರು ಬ್ಯಾಂಕಿನವರ ಕೈಕಾಲು ಕಟ್ಟಿ ಸುಮಾರು 20 ಕಿಲೋ ಬಂಗಾರ, ಒಂದ ಕೋಟಿ ಮ್ಯಾಲ ರೊಕ್ಕ ಒಯ್ದರು. ಬಡವರು ಅಡಾ ಇಟ್ಟ ಬಂಗಾರ ಅದು. ಆವತ್ತಿನಿಂದ ನಮ್ಮ ಓಣ್ಯಾಗ ನಾಕು ಮಂದಿ ಗಂಡಸರು ಕೂಡಿದ್ರ ಪಿಸ್ತೂಲಿನ ಮಾತ. ಮಾಘ ಬಂತಂದ್ರ ದ್ರಾಕ್ಷಿ ಸುಗ್ಗಿ, ಆಮ್ಯಾಲ ಒಣದ್ರಾಕ್ಷಿ, ತಾಸಗಾಂವಿಗೆ ಹೋಗಬೇಕು, ರಾತ್ರಿ ಜತ್ತಿನ ಮ್ಯಾಲಿಂದ ಬರಬೇಕು, ಗಾಡ್ಯಾಗ ರೊಕ್ಕ ಇರತೈತಿ. ಇದು ನನಗ ತಿಳೀತೈತಿ. ರಾತ್ರಿ ಹನ್ನೊಂದರ ತನಕ ಬಾಗಲಾ ನೋಡಿಕೋತ ಕುಂತ ಹೆಣಮಕ್ಕಳು ನಾವ ಅಲ್ಲೇನು?

ಆದ್ರ ಒಂದ ಲೆಕ್ಕ ಮಾಡ್ರಿ. ದರೋಡೆ ಮಾಡೂವರು ಮೊದಲ ಗಾಡಿ ಅಡ್ಡ ಹಾಕತಾರ, ಕಾಚಿಗೆ ಕಲ್ಲು ಒಗೀತಾರ, ಅವರ ಕೈಯ್ಯಾಗ ಪಿಸ್ತೂಲು ಆಗಲೇ ನಿಮ್ಮ ಕಡೆ ತಿರಗಿರತೈತಿ. ಆವಾಗ ಈ ಮಹಾಶಯರು ಬಗ್ಗಿ, ಡಬ್ಬಿ ತಗದು, ಕರ್ಚೀಪಿನ ಗಂಟು ಬಿಚ್ಚಿ ಪಿಸ್ತೂಲು ತಗೀತಾರ? ತಗ್ಯಾಕ ಹೋದ ಕೈ ಕಂಡ ಕೂಡಲೆ ಅವರು ಹೊಡೀತಾರ, ಬರೇ ರೊಕ್ಕ ತಗೊಂಡು ಹೋಗೂವರಿದ್ದರೂ ಹೊಡೀತಾರ. 2020ರ ನವೆಂಬರದಾಗ ನಮ್ಮ ವಿಜಯಪುರ ಬಾಜೂಕ ಕನ್ನಾಳ ಹತ್ರ ಟಿಪ್ಪರಿನಿಂದ ಗಾಡಿಗೆ ಗುದ್ದಿ ಗುಂಡು ಹಾರಿಸಿದ್ರಲ್ಲ, ಅದು ಹಗಲು, ದೊಡ್ಡ ಮನುಷ್ಯಾರ ಗಾಡಿ, ಸುತ್ತ ಮಂದಿ. ಆದರೂ ಜೋಡಿಗಿದ್ದ ಇಬ್ಬರು ಸತ್ತರು. ಅಂಥವರ ಗತಿನ ಅದಾದ್ರ, ಹಿಂದಿನ ಸೀಟಿನ್ಯಾಗ ಕೂಸಿನ ಕರಕೊಂಡು ಕುಂತ ನಮ್ಮದೇನು?

ಈಗ ಕೂಸಿನ ಮಾತಿಗೆ ಬರೂಣು, ನನ್ನ ಹೊಟ್ಟ್ಯಾಗ ಬೆಂಕಿ ಇರೂದು ಇಲ್ಲೆ.

ಅಮೇರಿಕಾದಾಗ ಪಿಸ್ತೂಲು ಗಾಡ್ಯಾಗ ಇಡೂದು ನಮ್ಮಲ್ಲಿ ನೀರಿನ ಬಾಟ್ಲಿ ಇಟ್ಟಂಗ. 2016ರ ಮಾರ್ಚದಾಗ ಫ್ಲೋರಿಡಾದಾಗ ಒಬ್ಬಾಕಿ ಗಾಡಿ ಹೊಡಕೋತ ಹೊಂಟಿದ್ದಳು, ಸೀಟಿನ ಕೆಳಗಿದ್ದ ಪಿಸ್ತೂಲು ಹಿಂದಕ ಸರಿದು ನಾಕು ವರ್ಷದ ಮಗನ ಕೈಗೆ ಹತ್ತಿತು, ಅವಳ ಬೆನ್ನಾಗ ಗುಂಡು. ಆಕಿ ಬದುಕಿದಳು. ಮುಂದಿನ ತಿಂಗಳನ, ಎಪ್ರಿಲ್ 26ಕ್ಕ, ಮಿಲ್ವಾಕೀ ಅನ್ನೂ ಊರಾಗ ಇನ್ನೊಬ್ಬಾಕಿ, 26 ವರ್ಷದ ಹುಡುಗಿ. ಮತ್ತ ಅದ ಸೀಟಿನ ಕೆಳಗಿನ ಪಿಸ್ತೂಲು, ಮತ್ತ ಹಿಂದಕ ಸರಿದದ್ದು. ಈ ಸಲ ಕೂಸಿಗೆ ಎರಡ ವರ್ಷ. ಆಕಿ ಬದುಕಲಿಲ್ಲ. ಪಿಸ್ತೂಲು ಆಕಿದೂ ಅಲ್ಲ, ಆಕಿ ಗೆಳೆಯಾಂದು.

ಎರಡ ವರ್ಷದ ಕೂಸಿಗೆ ಬಲಾ ಎಲ್ಲಿಂದ ಬಂತು ಅಂತೀರಿ. ಕೂಸು ನಮ್ಮಂಗ ತೋರಬೆರಳಿಂದ ಟ್ರಿಗರ್ ಎಳಿಯೂದಿಲ್ಲ. ಪಿಸ್ತೂಲಿನ ಬಾಯಿ ತನ್ನ ಕಡೆ ಮಾಡಿಕೊಂಡು, ಎರಡೂ ಹೆಬ್ಬೆರಳು ಕೂಡಿಸಿ ಒತ್ತತೈತಿ, ಬಾಟ್ಲಿ ಮುಚ್ಚಳಾ ತಗದಂಗ. ಅದಕ್ಕ ಬೇಕಾದಷ್ಟು ಬಲಾ ಇರತೈತಿ. ನಮ್ಮ ತಿಕೋಟಾ ಅಥಣಿ ರೋಡಿನ ತಗ್ಗು ದಿನ್ನಿ ನಿಮಗ ಗೊತ್ತ ಐತಿ. ಒಂದ ಬ್ರೇಕ್ ಹೊಡದ್ರ ಸೀಟಿನ ಕೆಳಗಿನ ಚಪ್ಪಲಿ ಎಲ್ಲಿಗೆ ಬರತಾವು, ವಿಚಾರ ಮಾಡ್ರಿ.

"ಗುಂಡು ತಗದ ಇಟ್ಟೇನಿ" ಅಂತಾರಲ್ಲ, ಅದನ್ನೂ ಹೇಳತೀನಿ, ಯಾಕಂದ್ರ ಇದು ಗೊತ್ತಿಲ್ಲದ ಹೆಣಮಕ್ಕಳು ಹೂಂ ಅಂತ ಸುಮ್ಮಾಗತಾರ. ಪಿಸ್ತೂಲಿನ ಹಿಡಿಕ್ಯಾಗ ಇರೂ ಗುಂಡಿನ ಪಟ್ಟಿ, ಮ್ಯಾಗಜೀನ್ ಅಂತಾರ, ಅದನ್ನ ಹೊರಗ ತಗದ ಮಾತ್ರಕ್ಕ ಪಿಸ್ತೂಲು ಖಾಲಿ ಆಗೂದಿಲ್ಲ. ಮೊದಲ ಒಂದು ಗುಂಡು ನಳಿಗಿಗೆ ಏರಿದ್ದರ ಅದು ಅಲ್ಲೇ ಕುಂತಿರತೈತಿ. ಮ್ಯಾಗಜೀನ್ ತಗೀಬೇಕು, ಆಮ್ಯಾಲ ಮ್ಯಾಲಿನ ಸ್ಲೈಡು ಹಿಂದಕ ಎಳದು ಒಳಗಿನ ಗುಂಡು ಹೊರಗ ಬೀಳಿಸಬೇಕು, ಆಮ್ಯಾಲ ಕಣ್ಣಿಂದ ಇಣಕಿ ನೋಡಿ ಬೆರಳು ಹಾಕಿ ನೋಡಬೇಕು. ರಿವಾಲ್ವರಾದ್ರ ತಿರಗೂ ಗುಂಡಿನ ಚಕ್ರ ಹೊರಗ ತಗದು ಎಲ್ಲಾ ತೂತು ಖಾಲಿ ಅದಾವೋ ಅಂತ ನೋಡಬೇಕು. ಇಷ್ಟೂ ಮಾಡೂವಾಗ ಬಾಯಿ ಮನುಷ್ಯಾರ ಕಡೆ ಇರಬಾರದು. ಕುಕ್ಕರಿನ ಸೀಟಿ ತಗದ ಕೂಡಲೆ ಮುಚ್ಚಳಾ ತಗೀತೀವೇನ್ರಿ ನಾವು? ಒಳಗಿನ ಆವಿ ಹೋಗೇತಿ ಅಂತ ಖಾತ್ರಿ ಮಾಡಿಕೊಂಡ ತಗೀತೀವಿ.

ಕೈ ಪಳಗಿದವರಿಗೂ ಆಗತೈತಿ. ಸಿನಿಮಾದ ಗೋವಿಂದಾ, ನಮ್ಮ ವಾರಿಗಿಯವರೆಲ್ಲ ಹಾಡಿಗೆ ಕುಣಿದೇವಲ್ಲ, 2024ರ ಅಕ್ಟೋಬರ್ 1ಕ್ಕ ಮುಂಬಯ್ಯಾಗ ನಸುಕಿನ್ಯಾಗ ಊರಿಗೆ ಹೊಂಡೂ ಗಡಿಬಿಡಿಯಾಗ ತನ್ನ ಲೈಸೆನ್ಸಿನ ರಿವಾಲ್ವರ್ ಕಪಾಟಿನ್ಯಾಗ ಇಡಾಕ ಹೋಗಿ, ಅದು ಕೈ ಜಾರಿ ಬಿದ್ದು, ಮೊಳಕಾಲ ಕೆಳಗ ಗುಂಡು ಹೊಕ್ಕಿತು. ಅದು ನಿಂತ ಮನಿಯ ಕಪಾಟು. ಓಡೂ ಗಾಡಿದ್ದು ಏನು ಹೇಳೂದು?

ಇನ್ನ ಕಾಯ್ದೆ. ಲೈಸೆನ್ಸ್ ಐತಿ ಅಂದ್ರ ಎಲ್ಲೆ ಬೇಕಾದಲ್ಲಿ ಹ್ಯಾಂಗ ಬೇಕಾದ್ರೂ ಇಡಬಹುದು ಅಂತ ತಿಳಕೊಂಡಾರ. 2016ರ ಶಸ್ತ್ರಾಸ್ತ್ರ ನಿಯಮಗಳೊಳಗ ಬರದೈತಿ: ಮಂದಿ ಇರೂ ಜಾಗಾದಾಗ ಕೈಪಿಸ್ತೂಲು ಒಯ್ಯಬೇಕಾದ್ರ ಅದಕ್ಕಂತ ಮಾಡಿದ ಹೋಲ್‌ಸ್ಟರ್ ಚೀಲದಾಗ, ಇಲ್ಲಾ ಅಂಥಾದ ಒಂದು ಬೆನ್ನಚೀಲದಾಗ ಇರಬೇಕು, ಪೂರಾ ಮುಚ್ಚಿರಬೇಕು, ಮತ್ತ ಒಯ್ಯಾಂವನ ಪೂರಾ ಹತೋಟ್ಯಾಗ ಇರಬೇಕು. ಹತೋಟಿ ಅನ್ನೂ ಶಬ್ದ ನೋಡ್ರಿ. ಗಾಡಿ ಲಾಕ್ ಮಾಡಿ ಸಿದ್ಧೇಶ್ವರ ಗುಡಿಯೊಳಗ ಕಾಯಿ ಒಡಸಾಕ ಹೋದಾಂವನ ಹತೋಟಿ ಎಲ್ಲೈತಿ? ಹೊಸಾ ಲೈಸೆನ್ಸ್ ಬೇಕಾದ್ರ ಸುರಕ್ಷತೆಯ ತರಬೇತಿ ಸರ್ಟಿಫಿಕೇಟು ಬೇಕು, ಜೋಪಾನ ಇಡತೀನಿ ಅಂತ ಬರದು ಕೊಡಬೇಕು. ಬರದು ಕೊಟ್ಟದ್ದು ಡಿಸಿ ಆಫೀಸಿನ ಕಡತದಾಗ, ಪಿಸ್ತೂಲು ಎಂಆರ್‌ಎಫ್ ಟೈರಿನ ಬಿಲ್ಲಿನ ಕೆಳಗ.

ಅದಕ್ಕಿಂತ ದೊಡ್ಡದು ಗಡಿ. ಲೈಸೆನ್ಸಿನ ಪುಸ್ತಕದಾಗ ಎಲ್ಲೆಲ್ಲಿ ನಡೀತೈತಿ ಅಂತ ಬರದಿರತೈತಿ: ಬರೇ ಜಿಲ್ಲಾ, ಇಲ್ಲಾ ರಾಜ್ಯ, ಇಲ್ಲಾ ಇಡೀ ದೇಶ. ನಮ್ಮವರು ತಾಸಗಾಂವಿಗೆ ಹೊಂಟಾಗ ಬಿಜ್ಜರಗಿ ದಾಟಿದ್ರ ಮಹಾರಾಷ್ಟ್ರ. ಜತ್ತಿನ್ಯಾಗ ಎಲ್ಲಾರೂ ಕನ್ನಡಾ ಮಾತಾಡತಾರ, ನಮ್ಮ ಬೀಗರ ಅದಾರ, ಖರೇ, ಆದ್ರ ಪಿಸ್ತೂಲಿನ ಲೈಸೆನ್ಸಿಗೆ ಅದು ಬ್ಯಾರೆ ರಾಜ್ಯ. ಪುಸ್ತಕದಾಗ ಕರ್ನಾಟಕ ಅಂತಷ್ಟ ಇದ್ದರ ಆ ಚೆಕ್‌ಪೋಸ್ಟಿನಾಚೆ ನಿಮ್ಮ ಲೈಸೆನ್ಸಿಗೆ ಬೆಲಿ ಇಲ್ಲ. ಯಾವ ಪ್ರಯಾಣಕ್ಕ ಪಿಸ್ತೂಲು ಬೇಕಂತಾರೋ ಅದ ಪ್ರಯಾಣದಾಗ ಅದು ಕೇಸು. ಗಂಡಸರಿಗೆ ಇದು ಹೊಳದಿಲ್ಲೋ, ಹೊಳದೂ ನಮಗ ಹೇಳಿಲ್ಲೋ?

ಲೈಸೆನ್ಸ್ ಇಲ್ಲದ ಕಂಟ್ರಿ ಪಿಸ್ತೂಲಿನ ಬಗ್ಗೆ ಬಹಳ ಬರಿಯೂದಿಲ್ಲ, ಅದು ವಾದಾ ಮಾಡೂ ವಿಷಯ ಅಲ್ಲ. ಭೀಮಾ ತೀರ ಅಂದ್ರ ಒಂದ ಕಾಲಕ್ಕ ಬಿಳಿಜೋಳ ಅಂತಿದ್ದರು, ಈಗ ಊರ ಮಂದಿ ಪಿಸ್ತೂಲು ಅಂತಾರ, ನಮ್ಮ ಜಿಲ್ಲಾಕ್ಕ ಹತ್ತಿದ ಮಸಿ ಅದು. ಮಧ್ಯಪ್ರದೇಶದ ಕಡಿಂದ ಬಂದಾವಂತ ಪೊಲೀಸರು ಹಿಡದಾಗೊಮ್ಮೆ ಪೇಪರಿನ್ಯಾಗ ಬರತೈತಿ. ಅದಕ್ಕ ಸೇಫ್ಟಿ ಇರೂದಿಲ್ಲ, ಇದ್ದರೂ ನಂಬೂಹಂಗಿಲ್ಲ, ಕೈಯ್ಯಾಗನ ಒಡದು ಬೆರಳು ಹೋಗತಾವು. 2019ರ ತಿದ್ದುಪಡಿ ಆದ ಮ್ಯಾಲ ಲೈಸೆನ್ಸ್ ಇಲ್ಲದ ಇಟಗೊಂಡ್ರ ಕಮ್ಮೀತ ಕಮ್ಮಿ ಎರಡ ವರ್ಷ, ಐದು ವರ್ಷದ ತನಕ ಜೇಲು. ಅದು ಗಾಡ್ಯಾಗ ಸಿಕ್ಕರ ಪೊಲೀಸರು ಗಾಡ್ಯಾಗಿದ್ದ ಎಲ್ಲಾರನೂ ಕೇಳತಾರ. ಹಿಂದಿನ ಸೀಟಿನ್ಯಾಗ ಕುಬಸದ ಕಾರ್ಯಕ್ಕ ಹೊಂಟ ಗರ್ಭಿಣಿನೂ ಎದ್ದು ರೋಡಿನ ಮ್ಯಾಲ ನಿಂದ್ರಬೇಕು.

ಒಬ್ಬಾಕಿ ನನಗ ಹೇಳಿದಳು, "ಅಕ್ಕಾ, ಹೆಣಮಕ್ಕಳ ಸಲುವಾಗಿನ ಪಿಸ್ತೂಲು ಮಾಡ್ಯಾರಂತ." ಹೌದು, ನಿರ್ಭೀಕ್ ಅಂತ, ದಿಲ್ಲಿಯ ಆ ಹುಡುಗಿಗೆ ಆದ ಅನ್ಯಾಯದ ಮ್ಯಾಲ 2014ರಾಗ ಕಾನಪುರದ ಸರಕಾರಿ ಕಾರ್ಖಾನಿ ತಂದ ರಿವಾಲ್ವರ್. ಅರ್ಧಾ ಕಿಲೋ ತೂಕ, ಆಗಿನ ಬೆಲಿ ಒಂದ ಲಕ್ಷದ ಇಪ್ಪತ್ತೆರಡು ಸಾವಿರದ ಸುಮಾರು. ಪರ್ಸಿನ್ಯಾಗ ಕೂಡತೈತಿ ಅಂತ ಹೇಳಿ ಮಾರಿದರು. ಪರ್ಸಿನ್ಯಾಗ! ನನ್ನ ಪರ್ಸು ಮೊಮ್ಮಗಳು ದಿನಕ್ಕ ನಾಕು ಸಲ ಸುರೂತಾಳ. ಸಂಜೀಕ ಬಸ್ ಸ್ಟ್ಯಾಂಡಿನ್ಯಾಗ ದೀಪಾ ಹತ್ತಬೇಕು, ತಿಕೋಟಾದ ಕಾಲೇಜಿನ ಹುಡುಗ್ಯಾರಿಗೆ ಟೈಮಿಗೆ ಬಸ್ಸು ಬರಬೇಕು, ಕಂಪ್ಲೇಂಟ್ ಕೊಡಾಕ ಹೋದ್ರ ಬರಕೊಬೇಕು. ಅದನ್ನ ಮಾಡೂದು ಬಿಟ್ಟು ನಮ್ಮ ಕೈಯ್ಯಾಗ ಲಕ್ಷ ರೂಪಾಯಿ ಕಬ್ಬಿಣಾ ಕೊಡೂದು ಯಾವ ನ್ಯಾಯ?

ಮತ್ತೊಂದು ಮಾತು, ಮೆಲ್ಲಕ ಹೇಳತೀನಿ. ಕಳ್ಳರ ಸಲುವಾಗಿ ತಂದ ಪಿಸ್ತೂಲಿಗೆ ಕಳ್ಳರು ಸಿಗೂದು ಎಂದರ ಒಮ್ಮೆ, ಸಿಟ್ಟು ದಿನಾ ಸಿಗತೈತಿ. ಓವರ್‌ಟೇಕ್ ಮಾಡಿದ್ದಕ್ಕ ಗಾಡಿ ನಿಂದರಿಸಿ ಕೊಳಪಟ್ಟಿ ಹಿಡಿಯೂವರು ನಮ್ಮವರು. ಬದುವಿನ ಜಗಳ, ಅಣ್ಣತಮ್ಮರ ಪಾಲು, ಧಾಬಾದಾಗ ಎರಡು ಗ್ಲಾಸು. ಆವಾಗ ಕೈಗೆ ಸಿಗೂದು ಚಪ್ಪಲಿ ಆಗಿದ್ದರ ಮರುದಿನ ಹಿರ್ಯಾರು ಕುಂತು ಬಗಿಹರಸತಾರ. ಸಾಲದ ಸಂಗತಿನೂ ಐತಿ. ಒಂದು ಅಕಾಲಿಕ ಮಳಿಗೆ ಶೆಡ್ಡಿನ್ಯಾಗಿನ ಒಣದ್ರಾಕ್ಷಿ ಕಪ್ಪಾಗಿ, ಬ್ಯಾಂಕಿನ ನೋಟೀಸು ಬಂದು, ಮನುಷ್ಯಾ ಒಬ್ಬನ ಗಾಡ್ಯಾಗ ಕುಂತಿರತಾನ. ಆ ಹೊತ್ತಿಗೆ ಅಂವಾ ಕೈ ಚಾಚಿದಲ್ಲಿ ಏನಿರಬೇಕು ಅಂತ ನಾ ಬಿಡಿಸಿ ಹೇಳಬೇಕೇನ್ರಿ? ಮನಸ್ಸು ಕೆಟ್ಟ ಗಳಿಗಿ ದಾಟಿ ಹೋಗತೈತಿ, ಕೈಗೆ ಸಿಗದಿದ್ರ. ನಮ್ಮ ಊರುಗಳಾಗ ಗಂಡನ್ನ ಕಳಕೊಂಡ ಹೆಣಮಕ್ಕಳ ಮನಿಗೆ ಮಾತಾಡಸಾಕ ಹೋಗಿ ಬಂದೇವಿ ನಾವು.

ವಾದದಾಗ ಸೋತಾಗ ಗಂಡಸರು ಇತಿಹಾಸ ತಗೀತಾರ. ಹಲಗಲಿ ಬ್ಯಾಡರು ಅಂತಾರ. ಬಬಲೇಶ್ವರದಿಂದ ಗಲಗಲಿ ಹೊಳಿ ದಾಟಿದ್ರ ಮುಧೋಳ, ಅಲ್ಲೇ ಹಲಗಲಿ, ಲಾವಣಿ ಕೇಳಿ ಬೆಳದಾವರು ನಾವು. 1857ರಾಗ ಇಂಗ್ಲಿಷರು ಹತ್ಯಾರಾ ತಂದು ಒಪ್ಪಿಸ್ರಿ ಅಂದರು, ಬ್ಯಾಡರು ಒಪ್ಪಲಿಲ್ಲ, ಊರ ಸುಟ್ಟರು, ಸಿಕ್ಕವರನ್ನ ಗಲ್ಲಿಗೆ ಹಾಕಿದರು. ಬೇಟಿ ಆಡಿ ಹೊಟ್ಟಿ ತುಂಬಿಕೊಳ್ಳೂ ಮಂದಿ, ಹತ್ಯಾರಾ ಕೊಟ್ಟರ ಕೂಳ ಹೋಗತಿತ್ತು. ಎಸಿ ಹಾಕಿಕೊಂಡು ಫಾರ್ಚುನರ್‌ದಾಗ ಹೊಂಟಾವರು ಅವರ ಹೆಸರು ತಗೀಬಾರದು. ಕೊಡಗಿನ್ಯಾಗ ಲೈಸೆನ್ಸ ಬ್ಯಾಡ ಅಂತನೂ ಒಬ್ಬರು ಹೇಳಿದರು. ಕೊಡವರಿಗೆ, ಜಮ್ಮಾ ಭೂಮಿಯವರಿಗೆ ಹಳೇ ಕಾಲದಿಂದ ಬಂದ ವಿನಾಯಿತಿ ಅದು. ನಮ್ಮ ಕಾಕಾ ಯಾವಾಗ ಕೊಡವ ಆದ, ನನಗ ತಿಳೀಲಿಲ್ಲ.

ನಮ್ಮೂರಿನ ಮಲಿಕ್-ಎ-ಮೈದಾನ್ ತೋಪಿಗೆ ಬೀಗರನ್ನ ಕರಕೊಂಡು ಎಷ್ಟ ಸಲ ಹೋಗೇವಿ. 1549ರಾಗ ಎರಕಾ ಹೊಯ್ದದ್ದು, 55 ಟನ್. ಬುರ್ಜಿನ ಮ್ಯಾಲ ತೋಪಿನ ಬಾಜೂಕ ನೀರಿನ ಹೊಂಡ ಐತಿ, ಬತ್ತಿ ಹಚ್ಚಿದಾಂವ ಸಪ್ಪಳಕ್ಕ ಕಿವಿ ಹರಿಬಾರದು ಅಂತ ಅದರೊಳಗ ಮುಳಗತಿದ್ದ ಅಂತ ಹೇಳತಾರ. ಆದಿಲ್‌ಶಾಹಿ ಮಂದಿ ತೋಪು ಇಡೂ ಮುಂದ ಬಾಜೂಕಿನ ಮನುಷ್ಯಾಂದು ವಿಚಾರ ಮಾಡಿದ್ದರು. ನಮ್ಮವರು ಬಾಜೂ ಸೀಟಿನ ಹೆಂಡ್ತೀದು ಮಾಡೂದಿಲ್ಲ.

ಇನ್ನೊಂದು ನೋಡಿದ್ರ ನನಗ ತಡಿಯಾಕ ಆಗೂದಿಲ್ಲ. ಅದ ಗಾಡಿಯ ಕಾಚಿಗೆ ಸಿದ್ಧೇಶ್ವರ ಅಪ್ಪಾರ ಫೋಟೋ. ಬಿಜ್ಜರಗಿಯಾಗ ಹುಟ್ಟಿ, ಜ್ಞಾನಯೋಗಾಶ್ರಮದಾಗ ಇದ್ದು, ಅಂಗಿಗೆ ಕಿಸೆ ಇಲ್ಲದ ಬದುಕಿದವರು. 2023ರ ಜನವರಿ 2ಕ್ಕ ಅವರು ಹೋದಾಗ ಇಡೀ ಜಿಲ್ಲಾ ಹೊರಗ ಬಂದು ನಿಂತಿತ್ತು, ಈ ಪಿಸ್ತೂಲಿನವರೂ ನಿಂತಿದ್ದರು, ಅತ್ತಿದ್ದರು. ಫೋಟೋದ ಒಂದ ಗೇಣ ಕೆಳಗ ಡಬ್ಬ್ಯಾಗ ಆರು ಗುಂಡು. ಖಂಡೇನವಮಿಗೆ ಗಾಡಿಗೂ ಪಿಸ್ತೂಲಿಗೂ ಕೂಡೇ ಕುಂಕುಮ ಹಚ್ಚಿ ನಮ್ಮ ಕಡಿಂದ ಆರತಿ ಮಾಡಸತಾರ. ಹತ್ಯಾರದ ಪೂಜಿ ಮಾಡೂದು ಅದನ್ನ ಅಂಜಿ ನಡೀಲಿ ಅಂತ, ಫೋನಿನ್ಯಾಗ ಸ್ಟೇಟಸ್ ಹಾಕಾಕಲ್ಲ. ಲಗ್ನದ ಮೆರವಣಿಗ್ಯಾಗ ಮ್ಯಾಲಕ್ಕ ಹಾರಿಸಿದ್ರ ಎರಡ ವರ್ಷದ ತನಕ ಜೇಲು ಇಲ್ಲಾ ಒಂದ ಲಕ್ಷದ ತನಕ ದಂಡ, ಎರಡೂ ಹಾಕಬಹುದು ಅಂತ ಕಾಯ್ದೆಯೊಳಗ ಬಂದೈತಿ, ಅದನ್ನೂ ಸ್ಟೇಟಸ್ಸಿಗೆ ಹಾಕ್ರಪಾ.

ಹಂಗಾದ್ರ ಲೈಸೆನ್ಸ್ ಇದ್ದಾವರು ಏನು ಮಾಡಬೇಕು? ಒಯ್ಯಾಂವ ತನ್ನ ಮೈಮ್ಯಾಲ ಒಯ್ಯಲಿ. ಟ್ರಿಗರ್ ಪೂರಾ ಮುಚ್ಚೂ ಗಟ್ಟಿ ಹೋಲ್‌ಸ್ಟರ್, ಸೊಂಟಕ್ಕ, ಅಂಗಿ ಕೆಳಗ, ಗಾಡಿ ಇಳದಾಗ ಅವನ ಜೋಡಿನ ಇಳೀಬೇಕು, ಹತ್ತಿದಾಗ ಅವನ ಜೋಡಿನ ಹತ್ತಬೇಕು. ಗುಡಿಗೆ, ಕೋರ್ಟಿಗೆ, ಲಗ್ನಕ್ಕ ಹೊಂಟಿದ್ರ, ಇಲ್ಲಾ ಕುಡಿಯೂದಿದ್ರ, ಮನ್ಯಾಗ ಬಿಟ್ಟು ಹೋಗಲಿ. ಮನ್ಯಾಗ ಖಾಲಿ ಮಾಡಿ ಕಬ್ಬಿಣದ ಪೆಟ್ಟಿಗ್ಯಾಗ, ಕಾಡತೂಸು ಬ್ಯಾರೆ ಪೆಟ್ಟಿಗ್ಯಾಗ. ಕೀಲಿಕೈ ಅವನ ಹತ್ರನ, ನಮ್ಮ ಗೊಂಚಲದಾಗ ಬ್ಯಾಡ, ಸಾಸಿವಿ ಡಬ್ಬ್ಯಾಗ ಮೊದಲ ಬ್ಯಾಡ. ಲೈಸೆನ್ಸ್ ಅವನ ಹೆಸರಲೆ ಐತಿ, ನಮ್ಮ ಹೆಸರಲೆ ಅಲ್ಲ. ಇಷ್ಟು ತ್ರಾಸು ಯಾರು ತಗೋಬೇಕು ಅಂದ್ರ ಬಹಳ ಛಲೋ, ಡಿಸಿ ಆಫೀಸಿಗೆ ಹೋಗಿ ಲೈಸೆನ್ಸ್ ವಾಪಸ್ ಮಾಡಲಿ. ರೊಕ್ಕದ ಚಿಂತಿ ಇದ್ದರ ತಾಸಗಾಂವಿನ ಅಡತಿಯವರು ಆರ್‌ಟಿಜಿಎಸ್ ಮಾಡತಾರ, ಗೋಣಿಚೀಲದಾಗ ತರೂದು ಯಾಕ ಅಂತ ಕೇಳ್ರಿ. ಆ ಪ್ರಶ್ನೆಗೆ ಅವರು ಮಾರಿ ಆಚೆ ತಿರಗಸತಾರ, ಯಾಕಂತ ನಿಮಗೂ ಗೊತ್ತು, ಇನಕಮ್ ಟ್ಯಾಕ್ಸಿನವರಿಗೂ ಗೊತ್ತು.

"ಅದು ಗಂಡಸರ ವಿಷಯ, ನಾವೇನು ಕೇಳೂದು" ಅಂತ ಸುಮ್ಮ ಕೂಡಬ್ಯಾಡ್ರಿ. ಹಾಲು ಉಕ್ಕಿದ್ರ ಅದು ಗ್ಯಾಸ್ ಕಂಪನಿ ವಿಷಯ ಅಂತ ಕೂಡತೀವೇನು? ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿಗೆ ಎಲ್ಲಾರೂ ಗಾಡಿ ತಗೊಂಡ ಹೊಂಡೂವರು ಅದೀರಿ. ಬಾಗಲಾ ತಗದು ಕೂಸಿನ ಒಳಗ ಇಡೂಕಿಂತ ಮೊದಲ ಒಂದ ಮಾತು ಕೇಳ್ರಿ, ಪಿಸ್ತೂಲು ಎಲ್ಲೈತ್ರಿ ಅಂತ. ಅತ್ತಿ ಮುಂದ, ಮಾವ್ನ ಮುಂದ ಕೇಳ್ರಿ, ಡ್ರೈವರ್ ಹುಡುಗ ಇದ್ದರೂ ಕೇಳ್ರಿ. ಡಬ್ಬ್ಯಾಗ ಐತಿ ಅಂದ್ರ ಕೂಸಿನ ಬಗಲಾಗ ಎತಿಗೊಂಡು ಕಟ್ಟಿ ಮ್ಯಾಲ ಕೂಡ್ರಿ. ಅಂವಾ ಅದನ್ನ ಒಳಗ ಒಯ್ದು ಪೆಟ್ಟಿಗಿಗೆ ಕೀಲಿ ಹಾಕಿ ಬರೂತನಕ ಗಾಡಿ ನಿಂದರಲಿ. ಜಾತ್ರಿ ಎಲ್ಲೂ ಓಡಿ ಹೋಗೂದಿಲ್ಲ.